ಅಪ್ಪನ ಬಿಲ್ಲೆ ಎಡಗಡೆ

ಹೆಬ್ಬೆರಳಿನ ಉಗುರಿನಷ್ಟು ಜಾಗ. ಕೆಳಗಡೆ ಅಗಲ ಸುಮಾರು 16 ಮಿಲಿಮೀಟರ್. ಭುಜದ ಹತ್ತಿರ ಇನ್ನೂ ಕಡಿಮೆ. ಎತ್ತರ 13ರ ಆಸುಪಾಸು. ಲೆಗೊ ಗೊಂಬೆಯ ಎದೆ ಅಂದರೆ ಇಷ್ಟೇ. ಅಷ್ಟರಲ್ಲಿ ನಮ್ಮಪ್ಪನನ್ನು ಬರೆಯಬೇಕಿತ್ತು.

ಇದು ಶುರುವಾಗಿದ್ದು ಮಗನಿಂದ. ಅವನಿಗೆ ಎಂಟು ವರ್ಷ. ಮನೆಯಲ್ಲಿದ್ದ ಕೆಂಪು ಲೆಗೊ ಇಟ್ಟಿಗೆಗಳನ್ನೆಲ್ಲ, ಒಂದಕ್ಕೊಂದು ಸಿಕ್ಕಿಸುವ ಆ ಪ್ಲಾಸ್ಟಿಕ್ ತುಂಡುಗಳನ್ನು, ಗುಡ್ಡೆ ಹಾಕಿಕೊಂಡು ಒಂದು ಭಾನುವಾರ ಬಸ್ಸು ಕಟ್ಟಿದ್ದ. ಡ್ರೈವರ್ ಸೀಟಿನಲ್ಲಿ ಬೆಂಕಿ ಆರಿಸುವವನು ಕೂತಿದ್ದ. ಬಾಗಿಲಲ್ಲಿ ಒಬ್ಬ ಗಗನಯಾತ್ರಿ ನಿಂತಿದ್ದ.

"ಇವನ್ಯಾರೋ?" ಅಂದೆ.

"ತಾತ. ನಮ್ಮ ಹತ್ರ ಕಂಡಕ್ಟರ್ ಗೊಂಬೆ ಇಲ್ವಲ್ಲಮ್ಮ, ಅದಕ್ಕೆ."

ನಮ್ಮಪ್ಪ ಹಾಸನದ ಡಿಪೋದಲ್ಲಿ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿದ್ದರು. ಹೆಚ್ಚು ವರ್ಷ ಓಡಾಡಿದ್ದು ಧರ್ಮಸ್ಥಳದ ರೂಟಿನಲ್ಲಿ. ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ರಾತ್ರಿ ಅಲ್ಲೇ ಹಾಲ್ಟ್, ಮಾರನೇ ದಿನ ವಾಪಸ್. ಮಗ ಹುಟ್ಟುವ ಹೊತ್ತಿಗೆ ಅವರು ರಿಟೈರ್ ಆಗಿದ್ದರು. ಖಾಕಿಯಲ್ಲಿ ತಾತನನ್ನು ಅವನು ನೋಡಿಯೇ ಇಲ್ಲ. ಆದರೂ ಬಸ್ಸು ಅಂದ ತಕ್ಷಣ ಬಾಗಿಲಲ್ಲಿ ತಾತ ಇರಲೇಬೇಕು ಅಂತ ಅವನಿಗೆ ಅನ್ನಿಸಿತ್ತು. ಆ ಗಗನಯಾತ್ರಿಯನ್ನು ನೋಡುತ್ತಾ ಕೂತೆ. ಇವನಿಗೆ ಖಾಕಿ ಹಾಕಿಸಬೇಕು ಅನ್ನಿಸಿತು.

ಪೇಂಟು ಕುಂಚ ಹಿಡಿದು ಅಷ್ಟು ಸಣ್ಣದಾಗಿ ಬರೆಯುವ ಕೈ ನನ್ನದಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಡೆಕಾಲ್.

ನಮ್ಮ ಕಾಲದವರಿಗೆ ಡೆಕಾಲ್ ಹೇಗಿರುತ್ತೆ ಅಂತ ಹೇಳುವುದು ಸುಲಭ. ಬಬಲ್‌ಗಮ್ ಜೊತೆ ಒಂದು ಟ್ಯಾಟೂ ಕಾಗದ ಬರುತ್ತಿತ್ತು, ನೆನಪಿದೆಯಾ? ಕೈ ಮೇಲಿಟ್ಟು, ನೀರು ಹಚ್ಚಿ, ಒತ್ತಿ ಹಿಡಿದು ತೆಗೆದರೆ ಚಿತ್ರ ಚರ್ಮಕ್ಕೆ ಅಂಟಿಕೊಳ್ಳುತ್ತಿತ್ತು. ಡೆಕಾಲ್ ಅದರ ಅಣ್ಣನ ಹಾಗೆ. ಕಾಗದದ ಮೇಲೆ ನೀರಿಗೆ ಕರಗುವ ಅಂಟು, ಅದರ ಮೇಲೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಆ ಪೊರೆಯ ಮೇಲೆ ನಾವು ಪ್ರಿಂಟ್ ತೆಗೆಯುತ್ತೇವೆ. ನೀರಿನಲ್ಲಿ ನೆನೆಸಿದರೆ ಅಂಟು ಸಡಿಲವಾಗಿ ಪೊರೆ ಜಾರುತ್ತದೆ. ಅದನ್ನು ಗೊಂಬೆಯ ಮೇಲೆ ಜಾರಿಸಿ ಕೂರಿಸಬೇಕು. ಒಂದು ವ್ಯತ್ಯಾಸ ಇದೆ. ಬಬಲ್‌ಗಮ್ ಟ್ಯಾಟೂವನ್ನು ಕವುಚಿ ಹಾಕುತ್ತಿದ್ದೆವು, ಹಾಗಾಗಿ ಅದರಲ್ಲಿ ಚಿತ್ರ ತಿರುಗಾಮುರುಗಾ ಅಚ್ಚಾಗಿರುತ್ತಿತ್ತು. ಇದು ಮುಖ ಮೇಲಾಗಿಯೇ ಜಾರುತ್ತದೆ. ಕಂಪ್ಯೂಟರಿನಲ್ಲಿ ಹೇಗೆ ಕಾಣುತ್ತದೋ ಗೊಂಬೆಯ ಮೇಲೂ ಹಾಗೇ.

ಕಾರ್ಖಾನೆಯಲ್ಲಿ ಲೆಗೊದವರು ಬೇರೆ ರೀತಿ ಮಾಡುತ್ತಾರೆ. ಕೆತ್ತಿದ ಫಲಕದಲ್ಲಿ ಶಾಯಿ ತುಂಬಿ, ಮೆತ್ತನೆಯ ಸಿಲಿಕಾನ್ ಮುದ್ದೆಯನ್ನು ಅದಕ್ಕೆ ಒತ್ತಿ, ಆ ಮುದ್ದೆಯನ್ನು ಗೊಂಬೆಗೆ ಒತ್ತುತ್ತಾರೆ. ಮುದ್ದೆ ಮೆತ್ತಗಿರುವುದರಿಂದ ದುಂಡನೆಯ ತಲೆಯ ಮೇಲೂ ಚಿತ್ರ ಸರಿಯಾಗಿ ಕೂರುತ್ತದೆ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಒತ್ತು. ಬಿಳಿಯೂ ಅವರಿಗೆ ಒಂದು ಬಣ್ಣವೇ. ಈ ಬಿಳಿಯ ಮಾತಿಗೆ ಆಮೇಲೆ ಬರುತ್ತೇನೆ.

ಈ ಗೊಂಬೆ ಹುಟ್ಟಿದ್ದು 1978ರಲ್ಲಿ, ಡೆನ್ಮಾರ್ಕಿನಲ್ಲಿ. ರೂಪಿಸಿದವರು ಯೆನ್ಸ್ ನಿಗಾರ್ಡ್ ಕ್ನುಡ್ಸೆನ್. ಎತ್ತರ ಸುಮಾರು 4 ಸೆಂಟಿಮೀಟರ್. ಮುಖ ಅಂದರೆ ಎರಡು ಚುಕ್ಕೆ, ಒಂದು ನಗು. ಹತ್ತು ವರ್ಷಕ್ಕೂ ಜಾಸ್ತಿ ಕಾಲ ಪೊಲೀಸನಿಗೂ ಅದೇ ಮುಖ, ಡಾಕ್ಟರಿಗೂ ಅದೇ ಮುಖ. 1989ರಲ್ಲಿ ಕಡಲ್ಗಳ್ಳರ ಗೊಂಬೆಗಳು ಬಂದಾಗಲೇ ಗಡ್ಡ, ಮೀಸೆ, ಕಣ್ಣಿನ ಪಟ್ಟಿ ಎಲ್ಲ ಬಂದವು. ಮೈಬಣ್ಣ ಹಳದಿ. ಯಾವ ಒಂದು ಜನಾಂಗದ್ದೂ ಆಗಬಾರದು ಅಂತ ಆ ಬಣ್ಣ ಆರಿಸಿದ್ದರು. 2003ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರರ ಗೊಂಬೆಗಳು ಬಂದಾಗ ಕಂದು ಬಣ್ಣದ ಮುಖಗಳೂ ಬಂದವು. ನಿಜವಾದ ಮನುಷ್ಯರನ್ನು ಹಳದಿಯಲ್ಲಿ ತೋರಿಸುವುದು ಹೇಗೆ, ಅಲ್ವಾ? ನನ್ನ ಮಗನೂ ಅದನ್ನೇ ಕೇಳಿದ. "ತಾತ ಹಳದಿ ಇಲ್ವಲ್ಲಮ್ಮ." ಹಾಗಾಗಿ ಬಿಡಿಬಿಡಿಯಾಗಿ ಮಾರುವವರ ಹತ್ತಿರ ಒಂದು ಕಂದು ತಲೆ, ಏನೂ ಅಚ್ಚಿಲ್ಲದ್ದು, ತರಿಸಿದೆ. ಎದೆಗೆ ಡಾರ್ಕ್ ಟ್ಯಾನ್ ಅನ್ನುವ ಬಣ್ಣ. ಅದು ಪೂರ್ತಿ ಖಾಕಿಯಲ್ಲ. ಆದರೆ ನಾಲ್ಕೈದು ವರ್ಷ ಒಗೆದು ಬಿಸಿಲಿಗೆ ಹಾಕಿದ ಖಾಕಿ ಹಾಗೇ ಇರುತ್ತದೆ. ನಮ್ಮ ಮನೆಯ ತಂತಿಯ ಮೇಲೆ ನಾನು ನೋಡುತ್ತಿದ್ದ ಬಣ್ಣ ಅದೇ.

ಚಿತ್ರ ಬರೆದಿದ್ದು ಇಂಕ್‌ಸ್ಕೇಪಿನಲ್ಲಿ. ದುಡ್ಡು ಕೊಡಬೇಕಿಲ್ಲದ ಸಾಫ್ಟ್‌ವೇರ್ ಅದು. ಗೆರೆಗಳನ್ನು ಚುಕ್ಕೆಗಳಾಗಿ ಅಲ್ಲದೆ ಗೆರೆಗಳಾಗಿಯೇ ಇಟ್ಟುಕೊಳ್ಳುತ್ತದೆ, ಎಷ್ಟು ಚಿಕ್ಕದು ಮಾಡಿದರೂ ಅಂಚು ಕೆಡುವುದಿಲ್ಲ. ಮೊದಲು ವರ್ನಿಯರ್ ಹಿಡಿದು ಎದೆಯನ್ನು ಅಳೆದೆ, ಆ ಆಕಾರ ಬರೆದೆ, ಅದರೊಳಗೆ ಕಾಲರು, ಗುಂಡಿ, ಜೇಬು, ಚರ್ಮದ ಚೀಲದ ಪಟ್ಟಿ, ಕಂಡಕ್ಟರ್ ನಂಬರ್ ಇರುವ ಹಿತ್ತಾಳೆ ಬಿಲ್ಲೆ. ಸ್ಕ್ರೀನಿನ ಮೇಲೆ ಅಪ್ಪನ ಎದೆ ಎರಡಡಿ ಅಗಲ ಇತ್ತು. ಒಂದೊಂದು ಗುಂಡಿಗೂ ನಾಲ್ಕು ತೂತು ಹಾಕಿದೆ. ಜೇಬಿನ ಹೊಲಿಗೆಯ ಟಾಕುಗಳನ್ನು ಎಣಿಸಿ ಬರೆದೆ. ರಾತ್ರಿ ಹನ್ನೊಂದೂವರೆಗೆ ಮುಗಿಸಿ, ನಿಜವಾದ ಅಳತೆಯಲ್ಲಿ ಸಾದಾ ಕಾಗದದ ಮೇಲೆ ಪ್ರಿಂಟ್ ತೆಗೆದೆ. ಬಂದಿದ್ದು ಒಂದು ಕಂದು ಕಲೆ.

ಆಗ ಲೆಕ್ಕ ಹಾಕಿದೆ. 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ ಹಾಕುವ ಪ್ರಿಂಟರಿನಲ್ಲಿ ಒಂದು ಮಿಲಿಮೀಟರಿಗೆ ಸುಮಾರು 24 ಚುಕ್ಕೆ. ಗುಂಡಿ ಅರ್ಧ ಮಿಲಿಮೀಟರ್ ಅಂದರೆ 12 ಚುಕ್ಕೆ. ಅದರಲ್ಲಿ ನಾಲ್ಕು ತೂತು ಎಲ್ಲಿಂದ ಬರಬೇಕು? 0.1 ಮಿಲಿಮೀಟರಿಗಿಂತ ಸಣ್ಣ ಗೆರೆ ಹಾಕಿ ಪ್ರಯೋಜನವೇ ಇಲ್ಲ. ಒಂದು ಗೆರೆ ಉಳಿಸಿಕೊಂಡರೆ ಇನ್ನೊಂದು ಬಿಡಬೇಕು. ಅಂಗಿಯ ಮಡಿಕೆಗಳು ಹೋದವು. ಗುಂಡಿಗಳು ಬರೀ ಚುಕ್ಕೆಗಳಾದವು. ಬೆಲ್ಟಿನ ಬಕಲ್ ಒಂದು ಚೌಕ. ಇನ್ನೊಂದು ಎಚ್ಚರ: ಪ್ರಿಂಟ್ ಕೊಡುವಾಗ 'ಪುಟಕ್ಕೆ ಹೊಂದಿಸು' ಅನ್ನುವುದು ಆನ್ ಇದ್ದರೆ ಎಲ್ಲವೂ ನೂರಕ್ಕೆ ಮೂರು ನಾಲ್ಕು ಭಾಗ ಕುಗ್ಗುತ್ತದೆ. ದೊಡ್ಡ ಚಿತ್ರದಲ್ಲಿ ಅದು ಗೊತ್ತೇ ಆಗಲ್ಲ. 16 ಮಿಲಿಮೀಟರಿನಲ್ಲಿ ಅರ್ಧ ಮಿಲಿಮೀಟರ್ ಕಡಿಮೆಯಾದರೆ ಪಕ್ಕದಲ್ಲಿ ಪ್ಲಾಸ್ಟಿಕ್ ಇಣುಕುತ್ತದೆ.

ನಮ್ಮ ಮನೆಯದು ಇಂಕ್‌ಜೆಟ್ ಪ್ರಿಂಟರ್. ಮೊದಲ ಡೆಕಾಲ್ ಪ್ರಿಂಟ್ ಚೆನ್ನಾಗಿಯೇ ಬಂತು. ತಟ್ಟೆಯ ನೀರಿಗೆ ಹಾಕಿದ ಕೂಡಲೇ ಬಣ್ಣ ಬಿಟ್ಟಿತು. ಮೀಸೆ ಕರಗಿ ನೀರಿನಲ್ಲಿ ಹರಡುವುದನ್ನು ನೋಡುತ್ತಾ ನಿಂತೆ. ಇಂಕ್‌ಜೆಟ್ ಶಾಯಿ ನೀರಿನದು, ಅದನ್ನು ನೀರಿಗೆ ಹಾಕುವ ಮೊದಲು ಕ್ಲಿಯರ್ ಅಕ್ರಿಲಿಕ್ ಸ್ಪ್ರೇ ಎರಡು ಮೂರು ತೆಳು ಪದರ ಹೊಡೆದು ಮುಚ್ಚಬೇಕು. ಅದನ್ನೂ ಮಾಡಿದೆ. ಆದರೆ ಅದು ಜುಲೈ. ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ. ಗಾಳಿಯಲ್ಲಿ ತೇವ ಇದ್ದಾಗ ಆ ಸ್ಪ್ರೇ ಒಣಗುತ್ತಾ ಮಂಜಿನ ಹಾಗೆ ಬೆಳ್ಳಗಾಗುತ್ತದೆ. ಇಡೀ ಹಾಳೆ ಕೆಟ್ಟಿತು.

ಲೇಸರ್ ಪ್ರಿಂಟಿಗೆ ಈ ತೊಂದರೆ ಇಲ್ಲ. ಟೋನರ್ ಅಂದರೆ ಪ್ಲಾಸ್ಟಿಕ್ ಪುಡಿ. ಬಿಸಿ ರೋಲರ್ ಅದನ್ನು ಕರಗಿಸಿ ಕೂರಿಸುತ್ತದೆ, ನೀರಿಗೆ ಜಗ್ಗಲ್ಲ. ಅದಕ್ಕೆ ಬೇರೆಯದೇ ಡೆಕಾಲ್ ಹಾಳೆ ಬೇಕು, ಇಂಕ್‌ಜೆಟ್ ಹಾಳೆಯನ್ನು ಹಾಕಿದರೆ ಪೊರೆ ಕರಗಿ ರೋಲರಿಗೆ ಸುತ್ತಿಕೊಳ್ಳಬಹುದು. ಲೇಸರ್ ಹಾಳೆ ಹಿಡಿದು ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಹಾಳೆಯನ್ನು ಉಗುರಿನಿಂದ ಕೆರೆದು ನೋಡಿದರು. "ಮೇಡಂ, ಮೆಷಿನ್ ಒಳಗೆ ಅಂಟ್ಕೊಂಡ್ರೆ ಏನ್ ಮಾಡ್ಲಿ?" ಅಂದರು. ಅವರ ಮಾತು ಸರಿಯೇ. ಅವರ ಹೊಟ್ಟೆಪಾಡು ಆ ಮೆಷಿನ್. ಮೂರನೇ ಅಂಗಡಿಯಲ್ಲಿ ಒಬ್ಬರು ಹಾಳೆಯ ಪೊಟ್ಟಣದ ಮೇಲಿನ ಸೂಚನೆಯನ್ನು ನಿಧಾನವಾಗಿ ಓದಿ, ದಪ್ಪ ಕಾಗದದ ಸೆಟಿಂಗ್ ಇಟ್ಟು, ಹಿಂದಿನ ಟ್ರೇಯಿಂದ ಒಂದೇ ಹಾಳೆ ಬಿಟ್ಟು ತೆಗೆದುಕೊಟ್ಟರು. ಅವರು ಓದಿದ ರೀತಿ ನೋಡಿಯೇ ನನಗೆ ಧೈರ್ಯ ಬಂದಿತ್ತು. ಒಂದು ಎ4 ಹಾಳೆಯಲ್ಲಿ ಇಂಥ ಎದೆಗಳು 150ಕ್ಕೂ ಜಾಸ್ತಿ ಹಿಡಿಸುತ್ತವೆ. ತಪ್ಪು ಮಾಡಲು ಬೇಕಾದಷ್ಟು ಅವಕಾಶ.

ಈಗ ಬಿಳಿಯ ವಿಷಯ. ಮನೆ, ಆಫೀಸಿನ ಪ್ರಿಂಟರುಗಳಲ್ಲಿ ಬಿಳಿ ಶಾಯಿ ಇರುವುದಿಲ್ಲ. ಕಾಗದ ಬಿಳಿ ಇರುತ್ತದಲ್ಲ, ಬಿಳಿ ಬೇಕಾದ ಕಡೆ ಸುಮ್ನೆ ಖಾಲಿ ಬಿಡುತ್ತವೆ. ಉಳಿದ ಬಣ್ಣಗಳೂ ಗಾಜಿನ ಹಾಗೆ, ಹಿಂದಿರುವುದು ಕಾಣುತ್ತದೆ. ಪಾರದರ್ಶಕ ಪೊರೆಯ ಮೇಲೆ ಹಳದಿ ಬಿಲ್ಲೆ ಪ್ರಿಂಟ್ ಮಾಡಿ ಖಾಕಿ ಪ್ಲಾಸ್ಟಿಕ್ಕಿಗೆ ಅಂಟಿಸಿದರೆ ಅದು ಬಿಲ್ಲೆಯಲ್ಲ, ಸಾರಿನ ಕಲೆ. ಹಿತ್ತಾಳೆ ಹೊಳೆಯಬೇಕಾದರೆ ಅದರ ಅಡಿಯಲ್ಲಿ ಬಿಳಿ ಇರಲೇಬೇಕು. ಬಿಳಿ ಪೊರೆಯ ಹಾಳೆಯೂ ಸಿಗುತ್ತದೆ. ಇಡೀ ಎದೆಯನ್ನು ಅದರಲ್ಲೇ ಮಾಡಿ, ಹಿನ್ನೆಲೆಗೂ ಖಾಕಿ ಪ್ರಿಂಟ್ ಮಾಡಬಹುದು. ಮಾಡಿ ನೋಡಿದೆ. ಪ್ರಿಂಟರಿನ ಖಾಕಿಗೂ ಪ್ಲಾಸ್ಟಿಕ್ಕಿನ ಖಾಕಿಗೂ ಹೊಂದಲೇ ಇಲ್ಲ. ತೋಳು ಬೇರೆ ಅಂಗಿಯದು, ಎದೆ ಬೇರೆ ಅಂಗಿಯದು ಅನ್ನುವ ಹಾಗಿತ್ತು.

ಕೊನೆಗೆ ಎರಡು ಪದರ ಮಾಡಿದೆ. ಬಿಳಿ ಹಾಳೆಯಲ್ಲಿ ಬಿಲ್ಲೆಯನ್ನು ಮಾತ್ರ ಕತ್ತರಿಸಿ ಮೊದಲು ಅಂಟಿಸುವುದು. ಒಣಗಿದ ಮೇಲೆ, ಗೆರೆಗಳೆಲ್ಲ ಇರುವ ಪಾರದರ್ಶಕ ಪೊರೆಯನ್ನು ಅದರ ಮೇಲೆ ಹೊದಿಸುವುದು. ಒಂದೂವರೆ ಮಿಲಿಮೀಟರಿನ ಬಿಲ್ಲೆಯನ್ನು ಹೊಸ ಬ್ಲೇಡಿನಲ್ಲಿ ಕತ್ತರಿಸುವಾಗ ಉಸಿರು ಬಿಡಬಾರದು. ನಿಜವಾಗಿಯೂ ಹಾರಿಹೋಗುತ್ತದೆ.

ಅಂಟಿಸುವ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಉಗುರುಬೆಚ್ಚಗಿನ ನೀರಿನಲ್ಲಿ 20-30 ಸೆಕೆಂಡ್ ನೆನೆಸಬೇಕು. ತಾನಾಗಿ ಬಿಟ್ಟು ತೇಲುವ ತನಕ ಬಿಟ್ಟರೆ ಅಂಟೆಲ್ಲ ತೊಳೆದುಹೋಗುತ್ತದೆ. ಎದೆಯ ಮೇಲೆ ಒಂದು ಹನಿ ನೀರು, ಕಾಗದವನ್ನು ಅಂಚಿಗೆ ಹಿಡಿದು ಒದ್ದೆ ಕುಂಚದಿಂದ ಪೊರೆಯನ್ನು ತಳ್ಳಿದರೆ ಅದು ಜಾರಿ ಬರುತ್ತದೆ. ಹನಿ ಇರುವ ತನಕ ಆಚೆ ಈಚೆ ಸರಿಸಬಹುದು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಬೇಕು. ಪೊರೆಯನ್ನು ಮೆತ್ತಗೆ ಮಾಡುವ ಮೈಕ್ರೊ ಸಾಲ್ ಅನ್ನುವ ದ್ರಾವಣ ಇದೆ. ಅದನ್ನು ಸವರಿದ ಕೂಡಲೇ ಪೊರೆ ಒಣ ದ್ರಾಕ್ಷಿಯ ಹಾಗೆ ಸುಕ್ಕುಗಟ್ಟುತ್ತದೆ. ಆಗ ಮುಟ್ಟಬಾರದು. ಕೈ ಕಟ್ಟಿಕೊಂಡು ಕೂರಬೇಕು. ಸ್ವಲ್ಪ ಹೊತ್ತಿಗೆ ಸುಕ್ಕೆಲ್ಲ ತಾನೇ ಇಳಿದು, ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಬಳಿದ ಹಾಗೆ ಕೂತುಬಿಡುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಮಗನನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಬೇಕು ಅನ್ನಿಸಿತ್ತು.

ಗೊಂಬೆಯ ಜೊತೆಗೆ ಬಸ್ಸಿಗೂ ಒಂದು ಬೋರ್ಡು ಬೇಕಿತ್ತು. ಮುಂದಿನ ಗಾಜಿನ ಹತ್ತಿರ ಇಡುತ್ತಿದ್ದರಲ್ಲ, ತಗಡಿನ ಬೋರ್ಡು, ಅದು. ಲೆಗೊ ಇಟ್ಟಿಗೆಯ ಮೇಲೆ ಗುಂಡಗೆ ಉಬ್ಬಿರುವ ಗುಬಟುಗಳಿರುತ್ತವಲ್ಲ, ಅಂಥ ನಾಲ್ಕು ಗುಬಟಿನ ಉದ್ದದ ನುಣುಪಾದ ಪಟ್ಟಿ ತೆಗೆದುಕೊಂಡೆ. 32 ಮಿಲಿಮೀಟರ್ ಉದ್ದ, 8 ಮಿಲಿಮೀಟರ್ ಅಗಲ. ಅದರಲ್ಲಿ 'ಹಾಸನ – ಧರ್ಮಸ್ಥಳ'. ಅಕ್ಷರದ ಎತ್ತರ ಎರಡೂವರೆ ಮಿಲಿಮೀಟರ್.

ಇಲ್ಲಿ ನಾನು ಕನ್ನಡವನ್ನು ಹೊಸದಾಗಿ ನೋಡಿದೆ. 'ಹಾಸನ' ಸುಲಭವಾಗಿ ಬಂತು. 'ಧರ್ಮಸ್ಥಳ' ನೋಡಿ. ಮೊದಲಿಗೆ ಧ. ದಕಾರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೆಳಗಿನ ಆ ಒಂದು ಸೀಳು. ಸ್ಕೂಲಿನಲ್ಲಿ ನಮ್ಮ ಮೇಷ್ಟ್ರು "ಹೊಟ್ಟೆ ಸೀಳೇ" ಅಂತ ಕೂಗುತ್ತಿದ್ದರು. ಫಾಂಟಿನಲ್ಲಿ ಆ ಸೀಳು ಇದ್ದೇ ಇರುತ್ತದೆ. ಆದರೆ ಇಷ್ಟು ಚಿಕ್ಕದಾದಾಗ ಟೋನರ್ ಕರಗಿ ಸ್ವಲ್ಪ ಹರಡಿ ಸೀಳು ಮುಚ್ಚಿಹೋಗುತ್ತದೆ. ನನ್ನ ಬಸ್ಸು 'ದರ್ಮಸ್ಥಳ'ಕ್ಕೆ ಹೊರಟಿತ್ತು. ಆಮೇಲೆ ಅರ್ಕಾವತ್ತು. ಅದು ಮಕಾರಕ್ಕೆ ಅಂಟಿ ಮಕಾರದ ಬಾಲವಾಯಿತು. ಸ್ಥ ಅಂತೂ ಕೇಳಲೇಬೇಡಿ. ಸಕಾರದ ಕಾಲ ಬುಡದಲ್ಲಿ ಥಾವತ್ತು ಇರಬೇಕು, ಅದರ ಹೊಟ್ಟೆಯಲ್ಲಿ ಚುಕ್ಕೆ. ಅಲ್ಲಿದ್ದದ್ದು ಒಂದು ಎಳ್ಳುಕಾಳು. ಇಂಗ್ಲಿಷ್ ಅಕ್ಷರಗಳು ಒಂದು ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಅಕ್ಷರಗಳು ಅಂತಸ್ತಿನ ಮನೆ ಕಟ್ಟುತ್ತವೆ. ಒತ್ತಕ್ಷರಕ್ಕೆ ಜಾಗ ಬಿಡಬೇಕಾದರೆ ಮೇಲಿನ ಅಕ್ಷರ ಇನ್ನೂ ಚಿಕ್ಕದಾಗಬೇಕು.

ದಪ್ಪ ಫಾಂಟು ಹಾಕಿದರೆ ಹೊಟ್ಟೆಗಳೆಲ್ಲ ತುಂಬಿಕೊಂಡವು. ತೆಳು ಫಾಂಟು ಹಾಕಿದರೆ ತಲೆಕಟ್ಟು ಮಾಯ. ಎರಡು ಸಂಜೆ ಹೀಗೇ ಕಳೆಯಿತು. ಕೊನೆಗೆ ಹಳೆಯ ಬಸ್ಸುಗಳ ಫೋಟೊಗಳನ್ನು ಹುಡುಕಿ, ಕೈಯಲ್ಲಿ ಬರೆದ ಬೋರ್ಡುಗಳನ್ನೇ ನೋಡುತ್ತಾ ಕೂತೆ. ಬೋರ್ಡು ಬರೆಯುವವರು ಎಂಥ ಜಾಣರು! ದೂರದಿಂದ ಬರುವ ಬಸ್ಸನ್ನು ಓದುವುದೂ, ಹತ್ತಿರದಲ್ಲಿರುವ ಚಿಕ್ಕ ಅಕ್ಷರವನ್ನು ಓದುವುದೂ ಕಣ್ಣಿಗೆ ಒಂದೇ ಅಲ್ವಾ? ಅವರು ಅಕ್ಷರದ ಹೊಟ್ಟೆಯನ್ನು ಅಗಲವಾಗಿ ತೆರೆದೇ ಬಿಡುತ್ತಾರೆ. ಧಕಾರದ ಸೀಳನ್ನು ಗೀರಿನ ಹಾಗಲ್ಲ, ಬಾಗಿಲಿನ ಹಾಗೆ ಬಿಡುತ್ತಾರೆ. ಒತ್ತನ್ನು ಬುಡದಲ್ಲಿ ತುರುಕದೆ ಬಲಕ್ಕೆ ಸರಿಸಿ, ಅದಕ್ಕೂ ಉಸಿರಾಡಲು ಜಾಗ ಕೊಡುತ್ತಾರೆ. ಹಾಗೇ ಬರೆದೆ. ಫಾಂಟು ಬಿಟ್ಟು, ಒಂದೊಂದು ಅಕ್ಷರವನ್ನೂ ಗೆರೆಯಿಂದ ಕಟ್ಟಿದೆ. ಸೀಳಿಗೆ 0.2 ಮಿಲಿಮೀಟರ್, ಅಂದರೆ ಐದು ಚುಕ್ಕೆ. ದೊಡ್ಡದು ಮಾಡಿ ನೋಡಿದರೆ ವಿಕಾರವಾಗಿದೆ. ಅಳತೆಗೆ ತಂದರೆ ಧರ್ಮಸ್ಥಳ, ಸ್ಪಷ್ಟವಾಗಿ.

ಅಪ್ಪ ಅಮ್ಮ ಬಂದಿದ್ದು ಗಣೇಶ ಹಬ್ಬಕ್ಕೆ. ಗೊಂಬೆಯನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿ ಇಟ್ಟಿದ್ದೆ. ಮಗನೇ ಕೊಟ್ಟ. ಅಪ್ಪ ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಹೋದರು. ಬೋರ್ಡು ಓದಿದರು. ಮೀಸೆ ಮುಟ್ಟಿ ನೋಡಿದರು. ಬಹಳ ಹೊತ್ತು ಮಾತಾಡಲಿಲ್ಲ.

"ಚೆನ್ನಾಗಿದೆ ಕಣಮ್ಮ. ಆದ್ರೆ ಬಿಲ್ಲೆ ಬಲಗಡೆ ಹಾಕಿದ್ದೀಯ."

"ಎಡಗಡೆನೇ ಹಾಕಿದ್ದೀನಪ್ಪ, ನೋಡಿ."

"ನಿನ್ನ ಎಡಗಡೆ. ಅವನದಲ್ಲ."

ಸ್ಕ್ರೀನಿನ ಮುಂದೆ ಅಷ್ಟು ದಿನ ಕೂತು ನಾನು ನನ್ನ ಎಡವನ್ನೇ ಅಪ್ಪನ ಎಡ ಅಂದುಕೊಂಡಿದ್ದೆ. ಅಪ್ಪ ಎದ್ದು ನಿಂತು ತೋರಿಸಿದರು. "ಚೀಲ ಎಡ ಸೊಂಟಕ್ಕೆ ಬರಬೇಕು. ಬಲಗೈಯಲ್ಲಿ ಚಿಲ್ಲರೆ ತೆಗೀಬೇಕಲ್ಲ. ಪಟ್ಟಿ ಬಲ ಭುಜದ ಮೇಲಿಂದ ಇಳಿಯುತ್ತೆ. ಬಿಲ್ಲೆ ಬಲಗಡೆ ಇದ್ರೆ ಪಟ್ಟಿ ಅಡಿ ಸಿಕ್ಕೊಳುತ್ತೆ, ಚೆಕಿಂಗ್‌ನವರಿಗೆ ಹೇಗೆ ಕಾಣುತ್ತೆ?" ಹೇಳುತ್ತಾ ಅವರ ಎಡಗೈ ತಾನಾಗಿ ಮೇಲೆದ್ದು, ಬಸ್ಸಿನ ಕಂಬಿ ಹಿಡಿದ ಹಾಗೆ ನಿಂತಿತು. ಬೆರಳುಗಳು ಒಂದರ ಪಕ್ಕ ಒಂದು ಸ್ವಲ್ಪ ಬಿಡಿಸಿಕೊಂಡಿದ್ದವು. ಉದ್ದಕ್ಕೆ ಮಡಿಚಿದ ನೋಟುಗಳನ್ನು ಆ ಸಂದುಗಳಲ್ಲೇ ಇಟ್ಟುಕೊಳ್ಳುತ್ತಿದ್ದರು. ಹತ್ತರದು ಒಂದು ಸಂದಿಗೆ, ಐವತ್ತರದು ಇನ್ನೊಂದು ಸಂದಿಗೆ. ಲೆಗೊ ಗೊಂಬೆಗೆ ಬೆರಳಿಲ್ಲ. ಅದರ ಕೈ ಒಂದು ಕೊಕ್ಕೆ ಅಷ್ಟೇ. ಅದನ್ನು ಯಾವ ಡೆಕಾಲಿನಲ್ಲೂ ತರಲಾರೆ.

"ನಂಬರ್ ಹಾಕಿದ್ದೀಯಾ ಬಿಲ್ಲೆಗೆ?" ಅಂದರು.

ಹಾಕಿದ್ದೆ. ಆ ನಂಬರ್ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಒಂದೂವರೆ ಮಿಲಿಮೀಟರಿನಲ್ಲಿ ಅದು ಅಡ್ಡ ಎಳೆದ ಒಂದು ಬೂದು ದಾರದ ಹಾಗೆ ಕಾಣುತ್ತದೆ, ಓದಲು ಬರುವುದಿಲ್ಲ. ಕಂಪ್ಯೂಟರ್ ತೆಗೆದು ಫೈಲನ್ನು ದೊಡ್ಡದು ಮಾಡುತ್ತಾ ಹೋದೆ. ಬಿಲ್ಲೆ ಸ್ಕ್ರೀನ್ ತುಂಬಿತು. ಅಪ್ಪ ಅಂಕಿಗಳನ್ನು ಒಂದೊಂದಾಗಿ ಜೋರಾಗಿ ಓದಿದರು.

ಅಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿದರು. ಅವರ ಕಣ್ಣು ಬಿಲ್ಲೆಯ ಮೇಲೆ ನಿಲ್ಲಲೇ ಇಲ್ಲ.

"ಈ ಜೇಬು ಇವರದ್ದಲ್ಲ," ಅಂದರು. "ಇಷ್ಟು ಸಪಾಟಾಗಿ ಯಾವತ್ತಾದ್ರೂ ಇತ್ತಾ? ಟಿಕೆಟ್ ಲೆಕ್ಕದ ವೇ ಬಿಲ್ಲು, ಪೆನ್ನು, ಯಾರಿಗೋ ಕೊಡಬೇಕಾದ ಚಿಲ್ಲರೆ, ಎಲ್ಲ ಅದ್ರಲ್ಲೇ ತುರುಕೋರು. ತಿಂಗಳಿಗೊಂದ್ಸಲ ಮೂಲೆ ಹರಿಯೋದು. ರಾತ್ರಿ ಹೊತ್ತು ಖಾಕಿ ದಾರ ಎಲ್ಲಿ ಹುಡುಕ್ಲಿ? ಕಪ್ಪು ದಾರದಲ್ಲೇ ಹಾಕ್ತಿದ್ದೆ."

ಅಪ್ಪನ ಅಂಗಿಗಳನ್ನು ನಾನು ಎಷ್ಟೋ ಸಲ ಇಸ್ತ್ರಿ ಮಾಡಿದ್ದೇನೆ. ಆ ಕಪ್ಪು ಹೊಲಿಗೆಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದಿದ್ದೇನೆ. ಬರೆಯಲು ಕೂತಾಗ ಅದು ನೆನಪಿಗೇ ಬರಲಿಲ್ಲ. ಅಂಗಡಿಯಿಂದ ಈಗ ತಾನೇ ತಂದ ಜೇಬನ್ನು ಬರೆದಿದ್ದೆ.

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಫೈಲ್ ತೆಗೆದೆ. ಬಿಲ್ಲೆಯನ್ನು ಆಚೆ ಕಡೆ ಸರಿಸಿದೆ. ಪಟ್ಟಿಯನ್ನು ಬಲ ಭುಜಕ್ಕೆ ತಂದೆ. ಬೆನ್ನಿನ ಚಿತ್ರದಲ್ಲೂ ಅದೇ ಭುಜದಿಂದ ಇಳಿಯುವ ಹಾಗೆ ಸರಿಮಾಡಿದೆ. ಜೇಬಿನ ಕೆಳ ಅಂಚನ್ನು ಬಾಗಿಸಿದೆ, ಅಲ್ಲಿ ಒಂದು ಸಣ್ಣ ನೆರಳು, ಮೇಲೆ ಪೆನ್ನಿನ ಕ್ಲಿಪ್ಪಿಗೆ ಒಂದು ಗೆರೆ. ಆಮೇಲೆ ಮೂಲೆಗೆ ನಾಲ್ಕು ಟಾಕು. ಒಂದೊಂದೂ 0.15 ಮಿಲಿಮೀಟರ್ ದಪ್ಪ, ಸ್ವಲ್ಪ ಓರೆಯಾಗಿ, ಅಮ್ಮ ಅವಸರದಲ್ಲಿ ಹಾಕುತ್ತಿದ್ದ ಹಾಗೆ. ಖಾಕಿಯ ಮೇಲೆ ಕಪ್ಪು. ಅದಕ್ಕೆ ಬಿಳಿ ಬೇಕಾಗಿಲ್ಲ.